ಒಂದು ಟ್ಯೂನರ್, ಇಬ್ಬರು ಯಜಮಾನರು: ಡಿಜಿಟಲ್ ಟಿವಿ ಡ್ರೈವರ್‌ನಲ್ಲಿ ಯಾವ ಲಾಕ್ ಎಲ್ಲಿಗೆ?

ಒಂದು ಯುಎಸ್‌ಬಿ ಟಿವಿ ಸ್ಟಿಕ್, ಒಳಗೆ ಒಂದೇ ಟ್ಯೂನರ್, ಅಂದರೆ ಬೇಕಾದ ಫ್ರೀಕ್ವೆನ್ಸಿ ಆರಿಸುವ ಚಿಪ್. ಅದಕ್ಕೆ ಬಾಗಿಲು ಮಾತ್ರ ಎರಡು: ಅನಲಾಗ್ ವಿಡಿಯೊ ಕಡೆಯಿಂದ ಒಂದು, ಡಿವಿಬಿ (ಡಿಜಿಟಲ್ ಟಿವಿ) ಕಡೆಯಿಂದ ಇನ್ನೊಂದು. ಡಿಜಿಟಲ್ ಚಾನೆಲ್ ಓಡುತ್ತಿರುವಾಗ ಬೇರೊಂದು ಪ್ರೋಗ್ರಾಂ ಅನಲಾಗ್ ಬಾಗಿಲಿನಿಂದ ಬಂದು ಫ್ರೀಕ್ವೆನ್ಸಿ ಬದಲಿಸಿದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ಧ್ವನಿ ಕಡಿಯುತ್ತದೆ. ಕರ್ನಲ್ ಲಾಗ್ ನೋಡಿದರೆ ಒಂದು ಸಾಲೂ ಇರುವುದಿಲ್ಲ. ಡ್ರೈವರ್ ಬರೆದವರು ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರನ್ನಷ್ಟೇ ಒಳಗೆ ಬಿಡುವ ಲಾಕ್) ಹಾಕಿಯೇ ಇರುತ್ತಾರೆ. ಆದರೂ ಹೀಗಾಗುತ್ತದೆ.

ಮೈಸೂರಿನ ಹೂಟಗಳ್ಳಿ, ಹೆಬ್ಬಾಳದ ಕಡೆ ಸೆಟ್‌ಟಾಪ್ ಬಾಕ್ಸ್ ಬೋರ್ಡಿಗೆ ಲಿನಕ್ಸ್ ಹೊಂದಿಸುವವರಿಗೂ, ಮಂಡ್ಯದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಟ್ಯೂನರ್ ಡ್ರೈವರ್ ಹಿಡಿದು ಕೂತವರಿಗೂ ಇಲ್ಲಿ ಬರುವ ಗೊಂದಲ ಒಂದೇ. ಸಾದಾ ಮ್ಯೂಟೆಕ್ಸ್ ಸಾಕೆ? ಐಟೂಸಿ (ಚಿಪ್ಪುಗಳ ನಡುವಿನ ಎರಡು ತಂತಿಯ ಬಸ್) ಮಕ್ಸ್, ಅಂದರೆ ಆ ಬಸ್ಸಿನ ಕವಲು, ಬೇಕೆ? ಡಿವಿಬಿ ಕೋರ್‌ನ (ಎಲ್ಲ ಡಿವಿಬಿ ಡ್ರೈವರ್‌ಗಳಿಗೂ ಸಾಮಾನ್ಯವಾದ ಕರ್ನಲ್ ಭಾಗದ) ಹಂಚಿಕೆ ಸೌಲಭ್ಯ ಬಳಸಬೇಕೆ? ಮೀಡಿಯಾ ಕಂಟ್ರೋಲರ್‌ವರೆಗೂ ಹೋಗಬೇಕೆ? ಅಥವಾ ಇದನ್ನೆಲ್ಲ ಕರ್ನಲ್‌ನ ಹೊರಗೆ ಬಿಟ್ಟುಬಿಡಬಹುದೆ? ಲಿನಕ್ಸ್ ಡಿವಿಬಿ ವ್ಯವಸ್ಥೆಯನ್ನು ಮುಂದಿಟ್ಟುಕೊಂಡು ಒಂದೊಂದನ್ನೇ ತೂಗಿ ನೋಡೋಣ.

ಒಂದು ಸೂಚನೆ ಮೊದಲೇ. ಡಿಮಾಡ್ಯುಲೇಟರ್ (ಟ್ಯೂನರ್ ಕೊಟ್ಟ ಸಿಗ್ನಲ್‌ನಿಂದ ಡಿಜಿಟಲ್ ದತ್ತಾಂಶ ತೆಗೆಯುವ ಚಿಪ್, ಮುಂದೆ ಡಿಮಾಡ್) ಸಿಗ್ನಲ್ ಹಿಡಿಯುವುದಕ್ಕೂ ಲಾಕ್ ಎಂದೇ ಹೆಸರು. ಗಲಿಬಿಲಿ ಬೇಡವೆಂದು ಅದನ್ನು ಇಲ್ಲಿ ಸಿಗ್ನಲ್ ಹಿಡಿತ ಎಂದು ಕರೆದಿದ್ದೇವೆ. ಲಾಕ್ ಎಂದರೆ ಸಾಫ್ಟ್‌ವೇರ್ ಲಾಕ್ ಮಾತ್ರ.

ಮೊದಲು ಅಳತೆಗೋಲು

ಆಯ್ಕೆಗೆ ಮುಂಚೆ ಐದು ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಬರೆದುಕೊಳ್ಳಿ. ಅರ್ಧ ಗಂಟೆಯ ಕೆಲಸ.

ಹಂಚಿಕೊಳ್ಳುತ್ತಿರುವುದು ಏನನ್ನು? ಐಟೂಸಿ ತಂತಿಯನ್ನೋ, ಯುಎಸ್‌ಬಿ ಕಂಟ್ರೋಲ್ ಪೈಪನ್ನೋ ಹಂಚಿಕೊಳ್ಳುವುದು ಒಂದು. ಚಿಪ್ಪಿನ ಸ್ಥಿತಿಯನ್ನು, ಅಂದರೆ ರಿಜಿಸ್ಟರ್ (ಚಿಪ್ಪಿನೊಳಗಿನ ಸೆಟ್ಟಿಂಗ್ ಖಾನೆ) ನಕಲು, ಫರ್ಮ್‌ವೇರ್ (ಚಿಪ್ಪಿಗೆ ಏರಿಸುವ ಪ್ರೋಗ್ರಾಂ) ಏರಿದೆಯೋ ಇಲ್ಲವೋ ಎಂಬುದನ್ನು ಹಂಚಿಕೊಳ್ಳುವುದು ಇನ್ನೊಂದು. ಟ್ಯೂನರ್ ಈಗ ಯಾರ ಪರವಾಗಿ ದುಡಿಯುತ್ತಿದೆ ಎಂಬುದು ಮೂರನೆಯದು.

ಎಷ್ಟು ಹೊತ್ತಿಗೆ? ಹೆಚ್ಚಿನ ಡ್ರೈವರ್‌ಗಳು ಎಡವುವುದು ಇಲ್ಲೇ. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ (ಸರದಿಯಂತೆ) ನೀರು ಬಿಡುವಾಗ ಎರಡು ಬೇರೆ ಬೇರೆ ವಿಷಯ ಇರುತ್ತವೆ. ತೂಬಿನ ಹಿಡಿಯ ಮೇಲೆ ಕೈ ಇರುವುದು ಕ್ಷಣದ ಮಾತು. ಈ ಕಟ್ಟು ಯಾರದು ಎಂಬುದು ದಿನಗಳ ಮಾತು. ತೂಬು ಎತ್ತಿದವನು ತನ್ನ ಸರದಿ ಮುಗಿಯುವವರೆಗೂ ಹಿಡಿಗೆ ಜೋತುಬಿದ್ದಿರುವುದಿಲ್ಲ. ಡ್ರೈವರ್‌ನಲ್ಲೂ ಹಾಗೆಯೇ: ರಿಜಿಸ್ಟರ್ ಬರೆಯುವ ಒಂದು ವ್ಯವಹಾರ ಮಿಲಿಸೆಕೆಂಡಿನದು, ಅದಕ್ಕೆ ಲಾಕ್. ಯಾರೋ ಕೂತು ಎರಡು ಗಂಟೆ ಕ್ರಿಕೆಟ್ ನೋಡುವುದು ಒಡೆತನ, ಅದಕ್ಕೆ ಎಣಿಕೆ ಮತ್ತು ‘ಈಗ ಖಾಲಿ ಇಲ್ಲ’ ಎಂಬ ಉತ್ತರ. ಮೊದಲನೆಯದಕ್ಕೆ ಎರಡನೆಯದರ ಮದ್ದು, ಎರಡನೆಯದಕ್ಕೆ ಮೊದಲನೆಯದರ ಮದ್ದು ನಡೆಯುವುದಿಲ್ಲ. ಮೇಲೆ ಹೇಳಿದ ಸ್ಟಿಕ್‌ನಲ್ಲಿ ಆಗಿದ್ದು ಇದೇ. ಮ್ಯೂಟೆಕ್ಸ್ ಇತ್ತು, ಪ್ರತಿ ಬರಹವೂ ಅಚ್ಚುಕಟ್ಟಾಗಿ ಒಂದರ ಹಿಂದೊಂದು ಹೋಯಿತು. ಆದರೆ ಟ್ಯೂನರ್ ಯಾರದು ಎಂದು ಯಾರೂ ಕೇಳಲಿಲ್ಲ.

ಉಳಿದ ಮೂರು ಚಿಕ್ಕವು. ಎರಡನೆಯವನು ಬಂದಾಗ ಕಾಯಬೇಕೆ, ಕೂಡಲೇ ಇಲ್ಲ ಅನ್ನಬೇಕೆ? ಹಂಚಿಕೊಳ್ಳುವವರು ಒಂದೇ ಮಾಡ್ಯೂಲಿನವರೇ, ಒಬ್ಬರ ಪರಿಚಯ ಒಬ್ಬರಿಗಿಲ್ಲದ ಎರಡು ಉಪವ್ಯವಸ್ಥೆಯವರೇ? ಸ್ಟಿಕ್ಕನ್ನು ಮಧ್ಯದಲ್ಲಿ ಕಿತ್ತರೆ ಒಡೆತನದ ಲೆಕ್ಕ ಏನಾಗುತ್ತದೆ?

ಇನ್ನು ಬಜೆಟ್. ಇಲ್ಲಿ ಬಜೆಟ್ ಎಂದರೆ ಮುಖ್ಯವಾಗಿ ಪರೀಕ್ಷೆಯ ದಿನಗಳು. ಕೋಡು ನೂರು ಸಾಲು ಮೀರುವುದು ಅಪರೂಪ. ಆ ನೂರು ಸಾಲು ಎಲ್ಲ ಸಂದರ್ಭದಲ್ಲೂ ಸರಿ ಎಂದು ಖಚಿತಪಡಿಸಿಕೊಳ್ಳುವುದಕ್ಕೇ ವಾರ ಹೋಗುತ್ತದೆ.

ಪುಕ್ಕಟೆಯಾಗಿ ಸಿಗುವುದು ಎಷ್ಟು?

ಡಿವಿಬಿ ಕೋರ್ ಆಗಲೇ ಒಂದಿಷ್ಟು ಕಾವಲು ಕಾಯುತ್ತದೆ. ಒಂದು ಫ್ರಂಟ್‌ಎಂಡ್ (ಟ್ಯೂನರ್, ಡಿಮಾಡ್ ಸೇರಿದ ಘಟಕ) ನೋಡನ್ನು, ಅಂದರೆ ಅದರ ಸಾಧನ ಫೈಲನ್ನು, ಓದು-ಬರಹಕ್ಕೆ ತೆರೆಯಲು ಒಮ್ಮೆಗೆ ಒಬ್ಬರಿಗೆ ಮಾತ್ರ ಅವಕಾಶ. ಎರಡನೆಯವರಿಗೆ ಇಬ್ಯುಸಿ (ಈಗ ಖಾಲಿ ಇಲ್ಲ) ಎಂಬ ದೋಷ ಸಿಗುತ್ತದೆ. ಬರೀ ಓದಲು ಎಷ್ಟು ಜನ ಬೇಕಾದರೂ ತೆರೆಯಬಹುದು, ಸಿಗ್ನಲ್ ಮಟ್ಟ ನೋಡಬಹುದು. ಆ ಬಾಗಿಲಿನಿಂದ ಟ್ಯೂನ್ ಮಾಡಲು ಹೋದರೆ ಇಪರ್ಮ್ (ಅನುಮತಿ ಇಲ್ಲ). ಡಿಮಕ್ಸ್ (ಹರಿವಿನಿಂದ ಬೇಕಾದ ಚಾನೆಲ್ಲಿನ ಪ್ಯಾಕೆಟ್ ಹೆಕ್ಕುವ ಭಾಗ) ನೋಡನ್ನು ಹಲವರು ತೆರೆಯಬಹುದು, ಪ್ರತಿಯೊಬ್ಬರಿಗೂ ಬೇರೆ ಫಿಲ್ಟರ್. ಹೆಕ್ಕಿದ ಪ್ಯಾಕೆಟ್ ಹೊರಬರುವ ಡಿವಿಆರ್ ನೋಡಿಗೆ ಓದುಗ ಒಬ್ಬನೇ.

ಅಂದರೆ ಒಂದು ಟ್ಯೂನರ್, ಒಂದು ಡಿಮಾಡ್, ಒಂದು ಫ್ರಂಟ್‌ಎಂಡ್ ಇರುವ ಬೋರ್ಡಿಗೆ ಒಡೆತನದ ಕೋಡು ಬರೆಯುವ ಅಗತ್ಯವೇ ಇಲ್ಲ. ಇದನ್ನು ತಿಳಿಯದೆ ಓಪನ್ ಫಂಕ್ಷನ್‌ನಲ್ಲಿ ತಮ್ಮದೇ ಒಂದು ಫ್ಲ್ಯಾಗ್ ಇಟ್ಟು, ಬರೀ ಓದುವವರನ್ನೂ ಹೊರಗೆ ನಿಲ್ಲಿಸುವ ಡ್ರೈವರ್‌ಗಳಿವೆ. ಅನವಶ್ಯಕ.

ಆಯ್ಕೆ ಒಂದು: ಡ್ರೈವರ್‌ನೊಳಗಿನ ಮ್ಯೂಟೆಕ್ಸ್

ತಂತಿ ಹಂಚಿಕೆಗೆ ಇದು ಸರಿಯಾದ ಸಾಧನ. ಯುಎಸ್‌ಬಿ ಸ್ಟಿಕ್‌ಗಳಲ್ಲಿ ಆದೇಶ ಕಳಿಸುವುದು ಮತ್ತು ಉತ್ತರ ಓದುವುದು ಎರಡು ಬೇರೆ ವರ್ಗಾವಣೆ. ನಡುವೆ ಇನ್ನೊಬ್ಬರ ಆದೇಶ ನುಗ್ಗಿದರೆ ಅವರ ಉತ್ತರ ನಿಮಗೆ, ನಿಮ್ಮದು ಅವರಿಗೆ. ಡಿವಿಬಿ-ಯುಎಸ್‌ಬಿ ಚೌಕಟ್ಟಿನ ಯುಎಸ್‌ಬಿ ಮ್ಯೂಟೆಕ್ಸ್ ಇರುವುದು ಈ ಜೋಡಿಯನ್ನು ಒಂದಾಗಿ ಹಿಡಿಯಲು.

ಐಟೂಸಿಯಲ್ಲೂ ಇದೇ ಜೋಡಿ ಸಮಸ್ಯೆ. ರಿಜಿಸ್ಟರ್ ವಿಳಾಸ ಬರೆದು ನಂತರ ಓದುವಾಗ ಎರಡು ಸಂದೇಶವನ್ನೂ ಒಂದೇ ಟ್ರಾನ್ಸ್‌ಫರ್ ಕರೆಯಲ್ಲಿ ಕಳಿಸಿ. ಎರಡು ಕರೆಯಾಗಿ ಒಡೆದರೆ ಮಧ್ಯೆ ಬಸ್ ಬಿಟ್ಟುಕೊಟ್ಟಂತೆ. ನೂರರಲ್ಲಿ ತೊಂಬತ್ತೊಂಬತ್ತು ಸಲ ನಡೆಯುತ್ತದೆ, ನೂರನೆಯ ಸಲ ಬೇರೆ ರಿಜಿಸ್ಟರಿನ ಬೆಲೆ ಬರುತ್ತದೆ. ಓದಿ, ಒಂದು ಬಿಟ್ ಬದಲಿಸಿ, ಮತ್ತೆ ಬರೆಯುವ ಕೆಲಸಕ್ಕೆ ಕರ್ನಲ್‌ನ ರೆಗ್‌ಮ್ಯಾಪ್ ಸೌಲಭ್ಯ ಬಳಸಿದರೆ ಅದರದೇ ಲಾಕ್ ಇದೆ, ಅಪ್‌ಡೇಟ್ ಬಿಟ್ಸ್ ಕರೆ ಒಂದೇ ಏಟಿಗೆ ಮುಗಿಸುತ್ತದೆ.

ಸ್ಪಿನ್‌ಲಾಕ್ (ನಿದ್ದೆ ಹೋಗದೆ ಸುತ್ತುತ್ತ ಕಾಯುವ ಲಾಕ್) ಇಲ್ಲಿ ನಿಷಿದ್ಧ. ಐಟೂಸಿ, ಯುಎಸ್‌ಬಿ ಎರಡೂ ನಿದ್ದೆ ಮಾಡುವ ಕರೆಗಳು. ಡಿಮಕ್ಸ್‌ಗೆ ಪ್ಯಾಕೆಟ್ ಸುರಿಯುವ ಇಂಟರಪ್ಟ್ ದಾರಿಯಲ್ಲಿ ಮಾತ್ರ ಸ್ಪಿನ್‌ಲಾಕ್. ಡಿವಿಬಿ ಕೋರ್‌ನ ಸಾಫ್ಟ್‌ವೇರ್ ಡಿಮಕ್ಸ್ ಅದನ್ನು ತಾನೇ ನೋಡಿಕೊಳ್ಳುತ್ತದೆ.

ಬಫರ್ ಬಗ್ಗೆ ಒಂದು ಮಾತು. ಕರ್ನಲ್ 4.9ರಲ್ಲಿ ಸ್ಟ್ಯಾಕನ್ನು ವರ್ಚುವಲ್ ಮೆಮೊರಿಗೆ ಸರಿಸುವ ವ್ಯವಸ್ಥೆ ಬಂದ ಮೇಲೆ, ಸ್ಟ್ಯಾಕ್ ಮೇಲಿನ ಬಫರನ್ನು ನೇರ ಯುಎಸ್‌ಬಿಗೆ ಕೊಡುತ್ತಿದ್ದ ಡಿವಿಬಿ ಡ್ರೈವರ್‌ಗಳು ಸಾಲುಸಾಲಾಗಿ ಕೆಟ್ಟವು. ಬಫರನ್ನು ಸಾಧನದ ಸ್ಟೇಟ್ ರಚನೆಗೆ ಸಾಗಿಸಿದರು. ಆಗ ಅದೂ ಒಂದು ಹಂಚಿಕೆಯ ವಸ್ತುವಾಯಿತು, ಅದಕ್ಕೂ ಒಂದು ಮ್ಯೂಟೆಕ್ಸ್ ಬೇಕಾಯಿತು. ಹಳೆಯ ಡ್ರೈವರ್ ನಕಲು ಮಾಡುವವರು ಇದನ್ನು ನೋಡಿಕೊಳ್ಳಿ.

ಇದು ಎಲ್ಲಿ ಸೋಲುತ್ತದೆ? ಓಪನ್‌ನಲ್ಲಿ ಮ್ಯೂಟೆಕ್ಸ್ ಹಿಡಿದು ಕ್ಲೋಸ್‌ನಲ್ಲಿ ಬಿಟ್ಟರೆ ಒಡೆತನ ಸಿಕ್ಕಿತಲ್ಲ ಎಂದು ಯೋಚಿಸುವವರಿದ್ದಾರೆ. ಲಿನಕ್ಸ್ ಮ್ಯೂಟೆಕ್ಸನ್ನು ಹಿಡಿದ ಟಾಸ್ಕೇ ಬಿಡಬೇಕು. ಫೈಲನ್ನು ತೆರೆದ ಪ್ರಕ್ರಿಯೆ ಫೋರ್ಕ್ ಆಗಿ, ಕೊನೆಗೆ ಮುಚ್ಚುವುದು ಅದರ ಮಗು ಪ್ರಕ್ರಿಯೆ ಆಗಿರಬಹುದು. ಅದಕ್ಕೂ ಮೊದಲೇ, ಲಾಕ್ ಹಿಡಿದುಕೊಂಡು ಯೂಸರ್ ಸ್ಪೇಸ್‌ಗೆ ಮರಳಿದ್ದೀರಿ ಎಂದು ಲಾಕ್‌ಡೆಪ್ (ಕರ್ನಲ್‌ನ ಲಾಕ್ ತಪಾಸಣೆ) ಬೊಬ್ಬೆ ಹಾಕುತ್ತದೆ.

ಆಯ್ಕೆ ಎರಡು: ಟ್ಯೂನರ್ ಗೇಟ್ — ಹಳೆಯ ಕಾಲ್‌ಬ್ಯಾಕೋ, ಐಟೂಸಿ ಮಕ್ಸೋ?

ಟ್ಯೂನರ್ ಸಾಮಾನ್ಯವಾಗಿ ಡಿಮಾಡ್‌ನ ಹಿಂದೆ ಕೂತಿರುತ್ತದೆ. ಬಸ್ಸಿನ ಗದ್ದಲ ಟ್ಯೂನರ್‌ಗೆ ಮುಟ್ಟದಿರಲೆಂದು ಡಿಮಾಡ್ ಒಳಗೊಂದು ಗೇಟ್ ಇರುತ್ತದೆ. ನಮ್ಮ ತೂಬಿನ ಹಾಗೆ, ಎತ್ತಿದರೆ ಮಾತ್ರ ಆಚೆ ಹರಿಯುತ್ತದೆ. ಎರಡು ಟ್ಯೂನರ್ ಇರುವ ಕಾರ್ಡಿನಲ್ಲಿ ಗೇಟಿಗೆ ಇನ್ನೊಂದು ಕೆಲಸ: ಎರಡೂ ಟ್ಯೂನರ್‌ಗಳ ವಿಳಾಸ ಒಂದೇ, ಹೆಕ್ಸ್ 60 ಎಂದಿಟ್ಟುಕೊಳ್ಳಿ. ಎರಡು ಗೇಟೂ ಒಟ್ಟಿಗೆ ತೆರೆದರೆ ಒಂದೇ ಬರಹಕ್ಕೆ ಎರಡು ಚಿಪ್ಪೂ ಓಗೊಡುತ್ತವೆ.

ಹಳೆಯ ದಾರಿ ಫ್ರಂಟ್‌ಎಂಡ್‌ನ ಗೇಟ್ ಕಂಟ್ರೋಲ್ ಕಾಲ್‌ಬ್ಯಾಕ್ (ಬೇಕಾದಾಗ ಕರೆಯಲೆಂದು ಡ್ರೈವರ್ ಕೊಟ್ಟಿಟ್ಟ ಫಂಕ್ಷನ್). ತೆರೆ, ಬರೆ, ಮುಚ್ಚು. ಬರೆಯಲು ಹತ್ತು ನಿಮಿಷ ಸಾಕು. ತೊಂದರೆ ಎರಡು. ನಡುವೆ ದೋಷ ಬಂದು ಬೇಗ ಹಿಂದಿರುಗುವ ಸಾಲಿನಲ್ಲಿ ಮುಚ್ಚುವುದು ಮರೆತುಹೋಗುತ್ತದೆ. ಮತ್ತು ಕಾಲ್‌ಬ್ಯಾಕ್ ತಾನಾಗಿ ಯಾರನ್ನೂ ತಡೆಯುವುದಿಲ್ಲ. ಒಬ್ಬರು ತೆರೆದ ಗೇಟನ್ನು ಇನ್ನೊಬ್ಬರು ಮುಚ್ಚಬಹುದು. ಅವಳಿ ಡಿಮಾಡ್ ಆದ ಎಸ್‌ಟಿವಿ090ಎಕ್ಸ್‌ನ ಡ್ರೈವರ್ ಇದಕ್ಕೆಂದೇ ಗೇಟ್ ತೆರೆಯುವಾಗ ಒಂದು ಲಾಕ್ ಹಿಡಿದು ಮುಚ್ಚುವಾಗ ಬಿಡುತ್ತದೆ. ನಡೆಯುತ್ತದೆ, ಆದರೆ ಒಂದು ದೋಷದ ದಾರಿಯಲ್ಲಿ ಬಿಡುವುದು ಮರೆತರೆ ಎರಡನೆಯ ಟ್ಯೂನರ್ ಶಾಶ್ವತವಾಗಿ ಕಾಯುತ್ತ ಕೂರುತ್ತದೆ.

ಹೊಸದಾಗಿ ಬರೆಯುವವರಿಗೆ ನಮ್ಮ ಆಯ್ಕೆ ಐಟೂಸಿ ಮಕ್ಸ್. ಡಿಮಾಡ್ ಡ್ರೈವರ್ ಒಂದು ಮಗು ಐಟೂಸಿ ಅಡಾಪ್ಟರನ್ನು (ಬಸ್ಸನ್ನು) ನೋಂದಾಯಿಸುತ್ತದೆ. ಟ್ಯೂನರ್ ಆ ಅಡಾಪ್ಟರ್ ಮೇಲಿನ ಸಾಮಾನ್ಯ ಕ್ಲೈಂಟ್ ಆಗುತ್ತದೆ. ಟ್ಯೂನರ್ ಡ್ರೈವರ್‌ಗೆ ಗೇಟ್ ಇದೆ ಎಂಬುದೇ ಗೊತ್ತಿರಬೇಕಿಲ್ಲ. ತೆರೆಯುವುದು, ಮುಚ್ಚುವುದು ಪ್ರತಿ ವರ್ಗಾವಣೆಯ ಹಿಂದೆ ಮುಂದೆ ತಾನಾಗಿ ಆಗುತ್ತದೆ.

ಇಲ್ಲೊಂದು ಕವಲು ಇದೆ, ನಿಧಾನವಾಗಿ ನೋಡಬೇಕು. ಮಕ್ಸ್‌ನಲ್ಲಿ ಎರಡು ಬಗೆ: ಪೇರೆಂಟ್-ಲಾಕ್ಡ್, ಮಕ್ಸ್-ಲಾಕ್ಡ್.

ಪೇರೆಂಟ್-ಲಾಕ್ಡ್ ಬಗೆಯಲ್ಲಿ ಗೇಟ್ ತೆರೆದು, ವರ್ಗಾವಣೆ ಮುಗಿದು, ಗೇಟ್ ಮುಚ್ಚುವವರೆಗೆ ಮೂಲ ಬಸ್ ಪೂರ್ತಿ ನಿಮ್ಮದೇ. ಬೇರೆ ಯಾರೂ ನುಗ್ಗುವಂತಿಲ್ಲ. ಬೆಲೆ ಏನೆಂದರೆ, ಗೇಟ್ ತೆರೆಯುವ ಫಂಕ್ಷನ್ ಒಳಗೆ ಮಾಡುವ ಐಟೂಸಿ ಕರೆ ಲಾಕ್ ಹಿಡಿಯದ ಬಗೆಯದಾಗಿರಬೇಕು. ಅಲ್ಲಿ ಮಾಮೂಲಿ ಟ್ರಾನ್ಸ್‌ಫರ್ ಕರೆದರೆ ತಾನೇ ಹಿಡಿದ ಲಾಕಿಗೆ ತಾನೇ ಕಾಯುತ್ತ ನಿಲ್ಲುತ್ತೀರಿ. ರೆಗ್‌ಮ್ಯಾಪ್ ಬಳಸುವ ಡಿಮಾಡ್‌ಗೆ ಇದನ್ನು ಹೊಂದಿಸುವುದು ತ್ರಾಸ, ಏಕೆಂದರೆ ರೆಗ್‌ಮ್ಯಾಪ್ ಒಳಗೆ ಕರೆಯುವುದು ಮಾಮೂಲಿ ಟ್ರಾನ್ಸ್‌ಫರನ್ನೇ.

ಮಕ್ಸ್-ಲಾಕ್ಡ್ ಬಗೆಯಲ್ಲಿ ಮೂಲ ಬಸ್ ಹಿಡಿಯುವುದಿಲ್ಲ, ಅದರ ಮೇಲಿನ ಮಕ್ಸ್‌ಗಳನ್ನು ಮಾತ್ರ ಹಿಡಿಯುತ್ತದೆ. ಗೇಟ್ ಫಂಕ್ಷನ್ ಒಳಗೆ ರೆಗ್‌ಮ್ಯಾಪ್ ಸಲೀಸು. ಆದರೆ ಗೇಟ್ ತೆರೆದ ಮೇಲೆ, ಮುಚ್ಚುವ ಮುಂಚೆ, ಅದೇ ಬಸ್ಸಿನ ಈಪ್ರಾಮ್ ಅಥವಾ ರಿಮೋಟ್ ಚಿಪ್ಪಿನ ಸಂದೇಶ ನಡುವೆ ಬರಬಹುದು. ಬಹುಪಾಲು ಡಿಮಾಡ್‌ಗಳಿಗೆ ಇದರಿಂದ ತೊಂದರೆಯಿಲ್ಲ. ಒಂದು ಬಗೆಯ ಗೇಟಿಗೆ ಮಾತ್ರ ಇದು ಖಂಡಿತ ಆಗದು: ಒಂದು ವರ್ಗಾವಣೆ ಆದಕೂಡಲೇ ತಾನಾಗಿ ಮುಚ್ಚಿಕೊಳ್ಳುವ ಗೇಟ್. ನಡುವೆ ನುಗ್ಗಿದ ಸಂದೇಶವೇ ಗೇಟನ್ನು ಮುಚ್ಚಿಬಿಡುತ್ತದೆ, ನಿಮ್ಮ ಟ್ಯೂನರ್ ಬರಹ ಗೋಡೆಗೆ ಹೊಡೆಯುತ್ತದೆ.

ಕರ್ನಲ್‌ನಲ್ಲೇ ಇರುವ ಉದಾಹರಣೆ ತೆಗೆದುಕೊಂಡರೆ ಎಸ್‌ಐ2168, ಆರ್‌ಟಿಎಲ್2832, ಎಲ್‌ಜಿಡಿಟಿ3306ಎ ಮಕ್ಸ್-ಲಾಕ್ಡ್. ಎಂ88ಡಿಎಸ್3103, ಆರ್‌ಟಿಎಲ್2830 ಪೇರೆಂಟ್-ಲಾಕ್ಡ್. ಆರ್‌ಟಿಎಲ್2832 ಡ್ರೈವರ್‌ನಲ್ಲಿ ಇನ್ನೊಂದು ಜಾಣತನ ಇದೆ: ಟ್ಯೂನರ್‌ಗೆ ಸಾಮಾನ್ಯವಾಗಿ ಸಾಲು ಸಾಲು ಬರಹ ಹೋಗುವುದರಿಂದ, ಪ್ರತಿ ಸಲ ಗೇಟ್ ಮುಚ್ಚಿ ತೆರೆಯುವ ಬದಲು ತುಸು ತಡಮಾಡಿ ಮುಚ್ಚುತ್ತದೆ. ನಿಮ್ಮ ಚಿಪ್ ಮೇಲಿನವುಗಳಿಗೆ ಹೋಲುವುದಾದರೆ ಅದೇ ಬಗೆ ಅನುಸರಿಸಿ. ಒಂದರೊಳಗೊಂದು ಮಕ್ಸ್ ಇರುವ ಬೋರ್ಡಾದರೆ, ಮಕ್ಸ್-ಲಾಕ್ಡ್ ಕೆಳಗೆ ಪೇರೆಂಟ್-ಲಾಕ್ಡ್ ಇಡಬೇಡಿ. ಮೂಲ ಬಸ್ ತನ್ನ ಹಿಡಿತದಲ್ಲಿದೆ ಎಂಬ ಒಳಗಿನದರ ನಂಬಿಕೆ ಸುಳ್ಳಾಗುತ್ತದೆ.

ಮಕ್ಸ್ ಬಳಸುವವರು ಬೀಳುವ ಹಳ್ಳ ಒಂದೇ, ಎಲ್ಲರೂ ಬೀಳುವಂಥದ್ದು. ಡಿಮಾಡ್‌ನ ಸೆಟ್ ಫ್ರಂಟ್‌ಎಂಡ್ ಫಂಕ್ಷನ್ ಶುರುವಿನಲ್ಲಿ ಚಿಪ್ ಮ್ಯೂಟೆಕ್ಸ್ ಹಿಡಿಯುತ್ತದೆ. ಒಳಗಿನಿಂದ ಟ್ಯೂನರ್‌ನ ಸೆಟ್ ಪ್ಯಾರಮ್ಸ್ ಕರೆಯುತ್ತದೆ. ಟ್ಯೂನರ್ ಬರಹ ಮಕ್ಸ್ ಮೂಲಕ ಬಂದು ಗೇಟ್ ತೆರೆಯಲು ಡಿಮಾಡ್‌ಗೇ ಮರಳುತ್ತದೆ. ಗೇಟ್ ಫಂಕ್ಷನ್ ಅದೇ ಚಿಪ್ ಮ್ಯೂಟೆಕ್ಸ್ ಕೇಳುತ್ತದೆ. ಅಲ್ಲಿಗೆ ನಿಂತಿತು. ಪರಿಹಾರ: ಚಿಪ್ ಮ್ಯೂಟೆಕ್ಸನ್ನು ಒಂದು ಆದೇಶದ ಮಟ್ಟಕ್ಕೆ ಇಳಿಸಿ, ಇಡೀ ಫಂಕ್ಷನ್‌ಗೆ ಸುತ್ತಬೇಡಿ. ಇಡೀ ಟ್ಯೂನಿಂಗನ್ನು ಒಂದರ ಹಿಂದೊಂದು ನಡೆಸುವ ಕೆಲಸವನ್ನು ಡಿವಿಬಿ ಕೋರ್‌ನ ಫ್ರಂಟ್‌ಎಂಡ್ ಸೆಮಫೋರ್ ಆಗಲೇ ಮಾಡುತ್ತಿದೆ.

ಬಸ್ಸನ್ನು ಎಷ್ಟು ಹೊತ್ತು ಹಿಡಿಯುತ್ತೀರಿ ಎಂಬುದಕ್ಕೆ ಒಂದು ಲೆಕ್ಕ. 100 ಕಿಲೊಹರ್ಟ್ಸ್ ಐಟೂಸಿಯಲ್ಲಿ ಒಂದು ಬೈಟಿಗೆ 9 ಗಡಿಯಾರ ಬಡಿತ, ಅಂದರೆ 90 ಮೈಕ್ರೊಸೆಕೆಂಡ್. ಎಕ್ಸ್‌ಸಿ5000 ಟ್ಯೂನರ್‌ನ ಫರ್ಮ್‌ವೇರ್ ಸುಮಾರು 12 ಸಾವಿರ ಬೈಟ್. ಬರೀ ತಂತಿಯ ಮೇಲೆಯೇ ಒಂದು ಸೆಕೆಂಡಿಗಿಂತ ಹೆಚ್ಚು. ಯುಎಸ್‌ಬಿ ಸೇತುವೆ ಇದ್ದರೆ ಇನ್ನೂ ತಡ. ಅಷ್ಟೂ ಹೊತ್ತು ಬಸ್ ಒಂದೇ ಲಾಕಿನಲ್ಲಿದ್ದರೆ ರಿಮೋಟ್ ಒತ್ತಿದ್ದು ಮುಟ್ಟುವುದಿಲ್ಲ, ನಾಲೆಯ ಕೊನೆ ಭಾಗಕ್ಕೆ ನೀರು ಸೇರದ ಹಾಗೆ. ಫರ್ಮ್‌ವೇರನ್ನು ತುಂಡು ಮಾಡಿ ಕಳಿಸಿ, ತುಂಡು ತುಂಡಿಗೂ ಬಸ್ ಬಿಡಿ.

ಚಿಪ್ಪಿನ ಸ್ಥಿತಿ ಹಂಚಿಕೆ

ಒಂದೇ ಟ್ಯೂನರ್ ಚಿಪ್ಪನ್ನು ಅನಲಾಗ್ ಕಡೆಯವರೂ ಡಿಜಿಟಲ್ ಕಡೆಯವರೂ ಜೋಡಿಸಿಕೊಂಡಾಗ ಎರಡು ಸ್ಟೇಟ್ ರಚನೆ ಹುಟ್ಟಿದರೆ, ಒಂದರ ರಿಜಿಸ್ಟರ್ ನಕಲು ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಹೈಬ್ರಿಡ್ ಟ್ಯೂನರ್ ರಿಕ್ವೆಸ್ಟ್ ಸ್ಟೇಟ್ ಎಂಬ ಮ್ಯಾಕ್ರೊ ಇದಕ್ಕಾಗಿಯೇ: ಅದೇ ಬಸ್, ಅದೇ ವಿಳಾಸ ಎಂದಾದರೆ ಇರುವ ಸ್ಟೇಟನ್ನೇ ಕೊಟ್ಟು ಎಣಿಕೆ ಏರಿಸುತ್ತದೆ. ಟಿಡಿಎ18271, ಎಕ್ಸ್‌ಸಿ5000, ಆರ್820ಟಿ ಡ್ರೈವರ್‌ಗಳು ಬಳಸುತ್ತವೆ. ನೀವೂ ಬಳಸಿ. ಆದರೆ ಇದು ಸರದಿ ನಿರ್ಧರಿಸುತ್ತದೆ ಎಂದು ಭ್ರಮಿಸಬೇಡಿ. ಇಬ್ಬರಿಗೂ ಒಂದೇ ಲೆಕ್ಕದ ಪುಸ್ತಕ ಕೊಡುತ್ತದೆ, ಅಷ್ಟೇ.

ಆಯ್ಕೆ ಮೂರು: ಟಿಎಸ್ ಬಸ್ ಕಂಟ್ರೋಲ್ ಮತ್ತು ಎಣಿಕೆ

ಈಗ ಒಡೆತನದ ಮಾತು. ಡಿವಿಬಿ ಫ್ರಂಟ್‌ಎಂಡ್ ಮೊದಲ ಸಲ ತೆರೆದಾಗ ಕೋರ್ ನಿಮ್ಮ ಟಿಎಸ್ (ಟ್ರಾನ್ಸ್‌ಪೋರ್ಟ್ ಸ್ಟ್ರೀಮ್, ಡಿಮಾಡ್ ಕೊಡುವ ಡಿಜಿಟಲ್ ಹರಿವು) ಬಸ್ ಕಂಟ್ರೋಲ್ ಕಾಲ್‌ಬ್ಯಾಕನ್ನು 1 ಕೊಟ್ಟು ಕರೆಯುತ್ತದೆ, ಕೊನೆಯವರು ಮುಚ್ಚಿದಾಗ 0 ಕೊಟ್ಟು. ಒಡೆತನ ಕೇಳಲು, ಬಿಡಲು ಹೇಳಿ ಮಾಡಿಸಿದ ಜಾಗ.

ಮಾದರಿ ಬೇಕೆಂದರೆ ಸಿಎಕ್ಸ್88 ಡ್ರೈವರ್ ಓದಿ. ಆ ಚಿಪ್ಪಿನ ಎಂಪೆಗ್ ಪೋರ್ಟನ್ನು ಡಿವಿಬಿ ಮಾಡ್ಯೂಲ್, ಎಂಪೆಗ್ ಎನ್‌ಕೋಡರ್ ಮಾಡ್ಯೂಲ್ ಎರಡೂ ಬಯಸುತ್ತವೆ. ಈಗ ಯಾವ ಬಗೆಯವರ ಕೈಯಲ್ಲಿದೆ ಎಂಬ ಗುರುತು ಒಂದು, ಎಷ್ಟು ಜನ ಎಂಬ ಎಣಿಕೆ ಒಂದು. ಬೇರೆ ಬಗೆಯವರು ಬಂದರೆ ಇಬ್ಯುಸಿ, ಅದೇ ಬಗೆಯವರು ಬಂದರೆ ಎಣಿಕೆ ಏರುತ್ತದೆ. ಮ್ಯೂಟೆಕ್ಸ್ ಹಿಡಿಯುವುದು ಆ ಎರಡು ಬೆಲೆ ನೋಡಿ ಬದಲಿಸುವಷ್ಟು ಹೊತ್ತು ಮಾತ್ರ. ಪ್ರೋಗ್ರಾಮನ್ನು ಬಲವಂತವಾಗಿ ಕೊಂದರೂ ಕರ್ನಲ್ ಫೈಲು ಮುಚ್ಚುತ್ತದೆ, ಒಡೆತನ ಬಿಡುಗಡೆಯಾಗುತ್ತದೆ.

ಎಚ್ಚರ: ಈ ಕಾಲ್‌ಬ್ಯಾಕ್‌ನಲ್ಲಿ ಡಿಮಾಡ್‌ನ ರೀಸೆಟ್ ಪಿನ್ ಮಿಡಿಯುವ ರೂಢಿ ಇದೆ. ರೀಸೆಟ್ ಆದ ಮೇಲೆ ಇನಿಟ್ ಮತ್ತೆ ನಡೆಯಲೇಬೇಕು. ಕೋರ್ ಅದಕ್ಕಾಗಿ ಮರು ಆರಂಭದ ಫ್ಲ್ಯಾಗ್ ಎತ್ತುತ್ತದೆ. ನಿಮ್ಮ ಇನಿಟ್ ಫಂಕ್ಷನ್ ‘ಒಮ್ಮೆ ಆಗಿದೆ, ಮತ್ತೆ ಬೇಡ’ ಎಂದು ಹಿಂದಿರುಗುವಂತಿದ್ದರೆ ಎರಡನೆಯ ಸಲ ತೆರೆದಾಗ ಸಿಗ್ನಲ್ ಹಿಡಿತ ಸಿಗುವುದಿಲ್ಲ.

ಆಯ್ಕೆ ನಾಲ್ಕು: ಎಂಎಫ್ಇ ಶೇರ್ಡ್

ಒಂದೇ ಡಿವಿಬಿ ಅಡಾಪ್ಟರ್ ಕೆಳಗೆ ಎರಡು ಫ್ರಂಟ್‌ಎಂಡ್, ಒಂದು ಉಪಗ್ರಹಕ್ಕೆ, ಒಂದು ಭೂಮಟ್ಟದ ಪ್ರಸಾರಕ್ಕೆ, ಹಿಂದಿನ ದಾರಿ ಒಂದೇ. ಹಾಪಾಜ್ ಎಚ್‌ವಿಆರ್-4000 ಕಾರ್ಡ್ ಈ ಜಾತಿ. ಅಡಾಪ್ಟರ್‌ನ ಎಂಎಫ್ಇ (ಹಲವು ಫ್ರಂಟ್‌ಎಂಡ್) ಶೇರ್ಡ್ ಬೆಲೆಯನ್ನು 1 ಮಾಡಿದರೆ ಕೋರ್ ತಾನೇ ಸರದಿ ನೋಡಿಕೊಳ್ಳುತ್ತದೆ. ನಿಮ್ಮ ಕಡೆಯಿಂದ ಒಂದೇ ಸಾಲು. ಇಷ್ಟು ಅಗ್ಗದ ಆಯ್ಕೆ ಬೇರೆ ಇಲ್ಲ.

1 ಎಂಬ ಬೆಲೆಯ ಸ್ವಭಾವ ಕಾಯುವುದು. ಇನ್ನೊಂದು ಫ್ರಂಟ್‌ಎಂಡ್ ತೆರೆದಿದ್ದರೆ ಅರ್ಧ ಸೆಕೆಂಡಿಗೊಮ್ಮೆ ಇಣುಕುತ್ತ 5 ಸೆಕೆಂಡಿನವರೆಗೆ ಕಾದು, ಆಮೇಲೆ ಇಬ್ಯುಸಿ. ಚಾನೆಲ್ ಬದಲಿಸುವ ಪ್ಲೇಯರ್ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವಾಗ ಇದು ಅನುಕೂಲ, ಏಕೆಂದರೆ ಮುಚ್ಚಿದ ಮೇಲೂ ಫ್ರಂಟ್‌ಎಂಡ್ ಥ್ರೆಡ್ ಕ್ಷಣಹೊತ್ತು ಉಳಿದಿರುತ್ತದೆ. ಆದರೆ ಶುರುವಾದಾಗ ಎಲ್ಲ ಫ್ರಂಟ್‌ಎಂಡ್‌ಗಳನ್ನೂ ತಟ್ಟಿ ನೋಡುವ ರೆಕಾರ್ಡಿಂಗ್ ಸರ್ವರ್‌ಗೆ ಪ್ರತಿ ತಟ್ಟಿಗೂ 5 ಸೆಕೆಂಡ್ ದಂಡ. ಡಿವಿಬಿ ಕೋರ್ ಮಾಡ್ಯೂಲಿನ ಎಂಎಫ್ಇ ವೇಟ್ ಟೈಮ್ ಪ್ಯಾರಾಮೀಟರಿನಿಂದ ಇಳಿಸಬಹುದು. ಇತ್ತೀಚಿನ ಕರ್ನಲ್‌ಗಳಲ್ಲಿ ಬೆಲೆ 2 ಕೊಡುವ ಅವಕಾಶವೂ ಇದೆ: ಕಾಯುವುದಿಲ್ಲ, ಬರಹಕ್ಕೆ ತೆರೆದವರು ಇದ್ದರೆ ಕೂಡಲೇ ಇಬ್ಯುಸಿ, ಬರೀ ಓದುವವರಿಗೆ ಅಡ್ಡಿಯಿಲ್ಲ. ಸರ್ವರ್‌ಗೆ 2, ಮನೆಯ ಟಿವಿಗೆ 1 ಎಂದು ಇಟ್ಟುಕೊಳ್ಳಬಹುದು.

ಮಿತಿ ಏನೆಂದರೆ, ಈ ಕಾವಲು ಒಂದು ಅಡಾಪ್ಟರ್‌ನ ಬೇಲಿಯೊಳಗೆ ಮಾತ್ರ. ಎರಡು ಅಡಾಪ್ಟರ್ ನೋಂದಾಯಿಸಿದ್ದರೆ, ಅಥವಾ ಅನಲಾಗ್ ಬಾಗಿಲು ಇದ್ದರೆ, ಇದಕ್ಕೆ ಕಾಣಿಸುವುದಿಲ್ಲ.

ಆಯ್ಕೆ ಐದು: ಮೀಡಿಯಾ ಕಂಟ್ರೋಲರ್

ಅನಲಾಗ್ ವಿಡಿಯೊ, ಡಿವಿಬಿ, ಯುಎಸ್‌ಬಿ ಆಡಿಯೊ ಮೂವರೂ ಒಂದೇ ಟ್ಯೂನರ್ ಕೇಳುವ ಸ್ಟಿಕ್ಕಿಗೆ ಇದೊಂದೇ ಪೂರ್ತಿ ಉತ್ತರ. ಮೀಡಿಯಾ ಡಿವೈಸ್ ಎಂಬುದು ಇಲ್ಲಿ ಸೌಡಿಯ (ನಾಲೆಯ ನೀರು ಬಿಡುವವನ) ಹಾಗೆ: ಯಾರೂ ನೇರ ತೂಬಿಗೆ ಕೈ ಹಾಕುವುದಿಲ್ಲ, ಅವನನ್ನು ಕೇಳುತ್ತಾರೆ. ನೀವು ಎನೇಬಲ್ ಸೋರ್ಸ್, ಡಿಸೇಬಲ್ ಸೋರ್ಸ್ ಎಂಬ ಎರಡು ಫಂಕ್ಷನ್ ಕೊಡುತ್ತೀರಿ. ಡಿವಿಬಿ ಕೋರ್ ಫ್ರಂಟ್‌ಎಂಡ್ ತೆರೆದಾಗ ಕೇಳುತ್ತದೆ. ವಿಡಿಯೊ ಕಡೆಯವರು ಸಾಧನ ತೆರೆದ ಮಾತ್ರಕ್ಕೆ ಕೇಳುವುದಿಲ್ಲ. ಫ್ರೀಕ್ವೆನ್ಸಿ ಬದಲಿಸುವಾಗ, ಇನ್‌ಪುಟ್ ಬದಲಿಸುವಾಗ, ಸ್ಟ್ರೀಮ್ ಶುರು ಮಾಡುವಾಗ ಕೇಳುತ್ತಾರೆ. ಈ ವ್ಯತ್ಯಾಸ ಮುಖ್ಯ, ಏಕೆಂದರೆ ಡೆಸ್ಕ್‌ಟಾಪಿನ ಎಷ್ಟೋ ಪ್ರೋಗ್ರಾಂಗಳು ಸಾಧನದ ಹೆಸರು ಕೇಳಲೆಂದೇ ವಿಡಿಯೊ ನೋಡ್ ತೆರೆದು ಮುಚ್ಚುತ್ತವೆ. ಅಷ್ಟಕ್ಕೇ ಟ್ಯೂನರ್ ಕೊಟ್ಟುಬಿಟ್ಟರೆ ಡಿವಿಬಿ ಕಡೆಯವರು ಕಾರಣ ತಿಳಿಯದೆ ಪರದಾಡುತ್ತಾರೆ.

ಎಯು0828 ಡ್ರೈವರ್ ಇದರ ನಡೆದು ತೋರಿಸಿದ ದಾರಿ. ಯುಎಸ್‌ಬಿ ಆಡಿಯೊ ಬೇರೆ ಮಾಡ್ಯೂಲ್ ಆದ್ದರಿಂದ, ಎರಡೂ ಒಂದೇ ಮೀಡಿಯಾ ಡಿವೈಸ್ ಹಂಚಿಕೊಳ್ಳಲು ಮೀಡಿಯಾ ಡಿವೈಸ್ ಯುಎಸ್‌ಬಿ ಅಲೊಕೇಟ್ ಎಂಬ ಕರೆ ಇದೆ; ಮೊದಲು ಬಂದವರಿಗೆ ಹೊಸದು, ಆಮೇಲೆ ಬಂದವರಿಗೆ ಅದೇ, ಕೊನೆಯವರು ಬಿಟ್ಟಾಗ ವಿಸರ್ಜನೆ.

ಬೆಲೆ ದೊಡ್ಡದು. ಟ್ಯೂನರ್, ಡಿಮಾಡ್, ಡಿಕೋಡರ್ ಎಲ್ಲವನ್ನೂ ಗ್ರಾಫಿನಲ್ಲಿ (ಯಾವುದು ಯಾವುದಕ್ಕೆ ಜೋಡಿಸಿದೆ ಎಂಬ ನಕ್ಷೆಯಲ್ಲಿ) ಚಿತ್ರಿಸಬೇಕು. ಕರ್ನಲ್ ಸಂರಚನೆಯಲ್ಲಿ ಡಿವಿಬಿಯ ಮೀಡಿಯಾ ಕಂಟ್ರೋಲರ್ ಆಯ್ಕೆ ಹೊತ್ತಿಸಿರಬೇಕು. ಇಲ್ಲದಿದ್ದರೆ ನಿಮ್ಮ ಫಂಕ್ಷನ್‌ಗಳನ್ನು ಡಿವಿಬಿ ಕಡೆಯಿಂದ ಯಾರೂ ಕರೆಯುವುದೇ ಇಲ್ಲ, ದೋಷವೂ ಬರುವುದಿಲ್ಲ. ಈ ಫಂಕ್ಷನ್‌ಗಳನ್ನು ಕರೆಯುವಾಗ ಗ್ರಾಫ್ ಮ್ಯೂಟೆಕ್ಸ್ ಹಿಡಿದಿರುತ್ತದೆ, ಹಾಗಾಗಿ ಒಳಗಿನಿಂದ ಲಿಂಕ್ ಬದಲಿಸಲು ಎರಡು ಅಡಿಗೆರೆಯಿಂದ ಶುರುವಾಗುವ, ಲಾಕ್ ಹಿಡಿಯದ ಕರೆಗಳನ್ನೇ ಬಳಸಬೇಕು. ಸೆಮಿಸ್ಟರ್ ಪ್ರಾಜೆಕ್ಟಿಗೆ ಇದು ಭಾರ. ಮಾರಾಟಕ್ಕೆ ಹೋಗುವ ಹೈಬ್ರಿಡ್ ಸಾಧನಕ್ಕೆ ಭಾರವಲ್ಲ.

ಕರ್ನಲ್‌ನ ಹೊರಗೆ ಬಿಡುವುದು

ಮನೆಯಲ್ಲಿ ಮೂರು ಪರದೆ, ಒಂದೇ ಟ್ಯೂನರ್ ಎಂದರೆ ಟಿವಿಹೆಡ್‌ಎಂಡ್‌ನಂಥ ಒಂದು ಸರ್ವರ್ ಸಾಧನವನ್ನು ತಾನೊಬ್ಬನೇ ತೆರೆದು ಉಳಿದವರಿಗೆ ನೆಟ್‌ವರ್ಕಿನಲ್ಲಿ ಹಂಚಲಿ. ಡಿಡಿ ಫ್ರೀ ಡಿಶ್‌ನಂತೆ ಒಂದು ಟ್ರಾನ್ಸ್‌ಪಾಂಡರ್‌ನಲ್ಲಿ (ಉಪಗ್ರಹದ ಒಂದು ಪ್ರಸಾರ ಫ್ರೀಕ್ವೆನ್ಸಿಯಲ್ಲಿ) ಹಲವು ಚಾನೆಲ್ ಇರುವಲ್ಲಿ, ಆ ಒಂದೇ ಟ್ರಾನ್ಸ್‌ಪಾಂಡರ್‌ನ ಚಾನೆಲ್‌ಗಳನ್ನು ಮೂರು ಜನ ಬೇರೆ ಬೇರೆ ನೋಡಬಹುದು. ಡಿಮಕ್ಸ್ ಫಿಲ್ಟರ್ ಸಾಕು. ಸ್ವಂತ ಪ್ರೋಗ್ರಾಂ ಬರೆಯುವವರು ಡಿವಿಆರ್ ನೋಡಿಗೆ ಒಬ್ಬನೇ ಓದುಗ ಎಂದು ಕೈಚೆಲ್ಲಬೇಕಿಲ್ಲ. ಟಿಎಸ್ ಡಿಮಕ್ಸ್ ಟ್ಯಾಪ್ ಎಂಬ ಔಟ್‌ಪುಟ್ ಆಯ್ಕೆ ಕೊಟ್ಟರೆ ಪ್ಯಾಕೆಟ್‌ಗಳು ಅವರವರ ಡಿಮಕ್ಸ್ ಫೈಲಿಗೇ ಬರುತ್ತವೆ.

ಬೇರೆ ಟ್ರಾನ್ಸ್‌ಪಾಂಡರ್ ಬೇಕೆಂದರೆ ಯಾವ ಲಾಕೂ ಸಹಾಯಕ್ಕೆ ಬರದು, ಇನ್ನೊಂದು ಟ್ಯೂನರ್ ಕೊಳ್ಳಬೇಕು. ಕೊಂಡ ಮೇಲೆ ಛಾವಣಿಯ ಎಲ್‌ಎನ್‌ಬಿ (ಡಿಶ್ಶಿನ ಮುಂದೆ ಸಿಗ್ನಲ್ ಹಿಡಿಯುವ ತಲೆ) ಹಂಚಿಕೆಯ ಪ್ರಶ್ನೆ. ಒಂದೇ ಔಟ್‌ಪುಟ್ಟಿನ ಎಲ್‌ಎನ್‌ಬಿಗೆ ಸ್ಪ್ಲಿಟರ್ ಹಾಕಿದರೆ ಒಂದು ಟ್ಯೂನರ್ 13 ವೋಲ್ಟ್, ಇನ್ನೊಂದು 18 ವೋಲ್ಟ್ ಕೇಳಿದಾಗ ಕರ್ನಲ್‌ಗೆ ಅದರ ಸುಳಿವೇ ಇರುವುದಿಲ್ಲ. ಸ್ಪ್ಲಿಟರ್‌ನಲ್ಲಿ ವಿದ್ಯುತ್ ಹಾಯುವುದು ಒಂದೇ ಕಡೆಯಿಂದ ಎಂದಾದರೆ, ಆ ಕಡೆಯ ಟ್ಯೂನರ್ ಮುಚ್ಚಿದ ಕೂಡಲೇ ಕೋರ್ ಎಲ್‌ಎನ್‌ಬಿ ವೋಲ್ಟೇಜ್ ಆರಿಸುತ್ತದೆ, ಇನ್ನೊಬ್ಬರ ಚಿತ್ರವೂ ಆರುತ್ತದೆ. ಡಿವಿಬಿ ಪವರ್‌ಡೌನ್ ಆನ್ ಸ್ಲೀಪ್ ಪ್ಯಾರಾಮೀಟರನ್ನು 0 ಮಾಡಿದರೆ ತಾತ್ಕಾಲಿಕ ಪರಿಹಾರ. ನಿಜವಾದ ಪರಿಹಾರ ಎರಡು ಔಟ್‌ಪುಟ್ಟಿನ ಎಲ್‌ಎನ್‌ಬಿ, ಎರಡು ಕೇಬಲ್.

ನಿಮ್ಮ ಬೋರ್ಡು ಯಾವುದು?

ಒಂದು ಟ್ಯೂನರ್, ಒಂದು ಡಿಮಾಡ್, ಬರೀ ಡಿವಿಬಿ: ಬಸ್ ಮ್ಯೂಟೆಕ್ಸ್, ಐಟೂಸಿ ಮಕ್ಸ್, ಇಷ್ಟೇ. ಒಡೆತನ ಕೋರ್‌ಗೆ ಬಿಡಿ. ಎರಡು ದಿನದ ಪರೀಕ್ಷೆ ಸಾಕು.

ಎರಡು ಡಿಮಾಡ್, ಒಂದು ದಾರಿ, ಒಂದೇ ಅಡಾಪ್ಟರ್: ಇದರ ಮೇಲೆ ಎಂಎಫ್ಇ ಶೇರ್ಡ್. ಟಿಎಸ್ ಪೋರ್ಟನ್ನು ಡಿವಿಬಿ ಅಲ್ಲದ ಇನ್ನೊಂದು ಮಾಡ್ಯೂಲೂ ಕೇಳುತ್ತಿದ್ದರೆ ಮಾತ್ರ ಸಿಎಕ್ಸ್88 ಮಾದರಿಯ ಎಣಿಕೆ.

ಎರಡು ಪೂರ್ತಿ ಸ್ವತಂತ್ರ ಟ್ಯೂನರ್, ಬಸ್ ಮಾತ್ರ ಒಂದು: ಒಡೆತನದ ಕೋಡು ಬರೆಯಲೇಬೇಡಿ. ಇಬ್ಬರೂ ಏಕಕಾಲಕ್ಕೆ ನೋಡಲು ಹಕ್ಕುಳ್ಳವರು. ಮಕ್ಸ್ ಸರಿಯಿದ್ದರೆ ಮುಗಿಯಿತು.

ಅನಲಾಗ್ ಸೇರಿದ ಹೈಬ್ರಿಡ್: ಕೈಯಲ್ಲಿ ಸಮಯವಿದ್ದರೆ ಮೀಡಿಯಾ ಕಂಟ್ರೋಲರ್. ಇಲ್ಲದಿದ್ದರೆ ಮೊದಲ ಆವೃತ್ತಿಯಲ್ಲಿ ಅನಲಾಗ್ ಬಾಗಿಲನ್ನೇ ನೋಂದಾಯಿಸಬೇಡಿ. ಅರ್ಧ ಕಾವಲಿನ ಎರಡು ಬಾಗಿಲಿಗಿಂತ ಪೂರ್ತಿ ಕಾವಲಿನ ಒಂದು ಬಾಗಿಲು ವಾಸಿ.

ಹೊರಬಿಡುವ ಮುನ್ನ ಪರೀಕ್ಷೆ

ಪರೀಕ್ಷೆಯ ಕರ್ನಲ್‌ನಲ್ಲಿ ಪ್ರೂವ್ ಲಾಕಿಂಗ್, ಡಿಬಗ್ ಅಟಾಮಿಕ್ ಸ್ಲೀಪ್, ಕೆಎಸಾನ್ ಎಂಬ ಮೂರೂ ದೋಷ ಪತ್ತೆ ಆಯ್ಕೆಗಳನ್ನು ಹೊತ್ತಿಸಿರಿ. ಒಂದು ಟರ್ಮಿನಲ್‌ನಲ್ಲಿ ಡಿವಿಬಿವಿ5-ಜ್ಯಾಪ್ (ಚಾನೆಲ್ ಟ್ಯೂನ್ ಮಾಡುವ ಆದೇಶ) ಓಡಿಸಿ; ಇನ್ನೊಂದರಲ್ಲಿ ಅದನ್ನೇ ಮತ್ತೆ ಓಡಿಸಿದಾಗ ಇಬ್ಯುಸಿ ಬರಬೇಕು, ಮೊದಲನೆಯದರ ಚಿತ್ರ ಮಿಸುಕಬಾರದು. ಡಿವಿಬಿ-ಎಫ್ಇ-ಟೂಲ್‌ನಿಂದ ಸಿಗ್ನಲ್ ನೋಡುತ್ತ ಐನೂರು ಸಲ ತೆರೆದು ಮುಚ್ಚುವ ಸ್ಕ್ರಿಪ್ಟ್ ಬಿಡಿ. ಯಾರು ಹಿಡಿದಿದ್ದಾರೆ ಎಂದು ತಿಳಿಯದಿದ್ದರೆ ಫ್ರಂಟ್‌ಎಂಡ್ ನೋಡಿನ ಮೇಲೆ ಫ್ಯೂಸರ್ ಆದೇಶ ಕೊಡಿ, ಪ್ರಕ್ರಿಯೆಯ ಹೆಸರು ಸಿಗುತ್ತದೆ. ಸಸ್ಪೆಂಡ್ ಮಾಡಿ ಎಬ್ಬಿಸಿ: ಫರ್ಮ್‌ವೇರ್ ಹೋಗಿರುತ್ತದೆ, ಏರಿದೆ ಎಂಬ ಫ್ಲ್ಯಾಗ್ ಮಾತ್ರ ಉಳಿದಿರುತ್ತದೆ.

ಆಮೇಲೆ ಚಿತ್ರ ಓಡುತ್ತಿರುವಾಗಲೇ ಸ್ಟಿಕ್ಕನ್ನು ಕಿತ್ತುಹಾಕಿ. ಫೈಲು ಇನ್ನೂ ತೆರೆದೇ ಇರುತ್ತದೆ, ಹಾರ್ಡ್‌ವೇರ್ ಇರುವುದಿಲ್ಲ. ಡಿಸ್‌ಕನೆಕ್ಟ್‌ನಲ್ಲಿ ಒಡೆತನದ ಗುರುತು ಅಳಿಸಿ, ಮೆಮೊರಿಯನ್ನು ಮಾತ್ರ ಕೊನೆಯ ಕ್ಲೋಸ್ ಆಗುವವರೆಗೆ ಬಿಡುಗಡೆ ಮಾಡಬೇಡಿ. ಕೀಳುವುದು, ಮುಚ್ಚುವುದರ ನಡುವಿನ ಈ ಪೈಪೋಟಿಯಲ್ಲಿ (ರೇಸ್) ಡಿವಿಬಿ ಕೋರ್ ಸಹ ಎಡವಿದ್ದಿದೆ. ಸಿವಿಇ ಎಂಬ ಭದ್ರತಾ ದೋಷಗಳ ಪಟ್ಟಿಯ ಸಿವಿಇ-2022-45884ರಿಂದ 45886ರವರೆಗಿನ ಮೂರೂ, ಬಿಟ್ಟ ಮೆಮೊರಿಯನ್ನು ಮತ್ತೆ ಮುಟ್ಟಿದ ಇದೇ ಜಾತಿಯ ದೋಷಗಳು. ಹಳೆಯ ಕರ್ನಲ್ ಮೇಲೆ ಬೋರ್ಡ್ ತಯಾರಿಸುವವರು ಆ ತಿದ್ದುಪಡಿಗಳು ತಮ್ಮ ಕರ್ನಲ್ ಮೂಲದಲ್ಲಿ ಇವೆಯೇ ಎಂದು ನೋಡಿ, ಇಲ್ಲದಿದ್ದರೆ ಹಾಕಿಕೊಂಡ ಮೇಲೆಯೇ ಕೀಳುವ ಪರೀಕ್ಷೆ ಶುರು ಮಾಡಿ. ಇಲ್ಲವಾದರೆ ಕೋರ್‌ನ ತಪ್ಪನ್ನು ನಿಮ್ಮ ಡ್ರೈವರ್‌ನಲ್ಲಿ ಹುಡುಕುತ್ತ ವಾರ ಕಳೆಯುತ್ತೀರಿ.